ಅಳಿಸಬಾರದ ಕೂಸು

ಪಾಲಬಾವಿ ಊರಿನ ಹೊರಗೆ, ಕಬ್ಬಿನ ಹೊಲಗಳ ನಡುವೆ ಇದ್ದ ನಮ್ಮ ತೋಟದ ಮನೆಯಲ್ಲಿ ಉಳಿದ ಮನೆಗಳಂತೆಯೇ ಜಗಳ, ಹಟ, ನಗೆ, ಬೈಗುಳ ಎಲ್ಲವೂ ಇದ್ದವು. ಆದರೆ ನಾನಿರುವ ಕೋಣೆಯಲ್ಲಿ ಅವು ಇರುತ್ತಿರಲಿಲ್ಲ. ನನ್ನನ್ನು ಅಳಿಸಬಾರದು ಎಂಬುದು ಆ ಮನೆಯ ಕಟ್ಟಳೆ. ಹುಟ್ಟುವಾಗಲೇ ನನ್ನ ಹೃದಯದಲ್ಲಿ ತೂತಿತ್ತು. ಅಲ್ಲಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಇಕ್ಕಟ್ಟಾಗಿತ್ತು. ಅತ್ತರೆ ತುಟಿ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಉಸಿರು ಸಿಗದೆ, ಕೆಲವೊಮ್ಮೆ ಎಚ್ಚರವೇ ತಪ್ಪುತ್ತಿತ್ತಂತೆ. ಆಗ ಅವ್ವ ನನ್ನ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಬಣ್ಣ ತಿಳಿಯಾಗುವ ತನಕ ಮುಖವನ್ನೇ ನೋಡುತ್ತ ಕೂಡುತ್ತಿದ್ದಳು. ದೊಡ್ಡ ಆಪರೇಶನ್ ಆಗುವ ತನಕ ಈ ಕೂಸನ್ನು ಅಳಿಸಬೇಡಿ ಎಂದು ಮಿರಜದ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅವರು ಕೊಟ್ಟ ಔಷಧಿಗಿಂತ ಹೆಚ್ಚಾಗಿ ಅವ್ವ ನಂಬಿದ್ದು ಆ ಮಾತನ್ನು.

ಹೀಗಾಗಿ ಮನೆಯ ಜಾಗಗಳೆಲ್ಲ ನನ್ನ ಸುತ್ತ ಹಂಚಿಹೋಗಿದ್ದವು. ಪಡಸಾಲೆ ನನ್ನದು. ಅಲ್ಲಿ ಕಿಟಕಿಯ ಕೆಳಗೆ ನನ್ನ ಹೊರಸು. ಎದುರು ಗೋಡೆಗೆ ತಲೆ ಆನಿಸಿ ಕೂಡುವ ಆಯಿ, ಅಂದರೆ ಅಪ್ಪನ ತಾಯಿ. ಅಪ್ಪ ಅವ್ವ ಜಗಳಾಡಬೇಕೆಂದರೆ ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ಅಲ್ಲಿ ಏನು ಮಾತಾಡಿದರೋ, ನನಗೆ ಕೇಳಿಸುತ್ತಿದ್ದದ್ದು ಎಮ್ಮೆ ಕಾಲು ಬದಲಿಸುವ ಸದ್ದು ಮಾತ್ರ. ಅಕ್ಕ ಶೋಭಾ ನನಗಿಂತ ಮೂರು ವರ್ಷ ದೊಡ್ಡವಳು. ಅವಳಿಗೆ ಬೈಯುವುದಿದ್ದರೆ ಅಂಗಳ, ಹೊಡೆಯುವುದಿದ್ದರೆ ಹಿತ್ತಲು. ಅಳು ಬಂದಾಗ ಅವಳು ಬಾವಿಯ ಕಡೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಿದ್ದಳು. ಒಬ್ಬರು ಅತ್ತದ್ದನ್ನು ಕಂಡರೆ ಇನ್ನೊಬ್ಬರಿಗೂ ಅಳು ಬರುತ್ತದೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಆಯಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಒಮ್ಮೆ ನನ್ನೆದುರಿಗೇ ಅವ್ವನಿಗೆ ಹೇಳಿದ್ದಳು:

"ಕೂಸು ಅಳಬೇಕ ಕಸ್ತೂರಿ. ಕೂಸು ಅಳಲಿಲ್ಲಂದ್ರ ಮನಿಗಿ ಮನಿ ಅಂತ ಹೆಂಗ ಅನ್ನೂದು?"

ಅವ್ವ ಅತ್ತೆಯ ಮಾತಿಗೆ ಎದುರಾಡುವವಳಲ್ಲ. ಸುಮ್ಮನೆ ಬಂದು ನನ್ನ ಹೊದಿಕೆ ಸರಿಪಡಿಸಿ ಹೋದಳು.

ನಾನು ಶಾಲೆಗೆ ಹೋಗುವ ವಯಸ್ಸಾದಾಗ ಮುಂಬೈಯಲ್ಲಿ ಆಪರೇಶನ್ ಆಯಿತು. ಅದರ ನೆನಪು ಹೆಚ್ಚಿಲ್ಲ. ಬಾಯಲ್ಲಿದ್ದ ನಳಿಗೆಯ ರಬ್ಬರಿನ ರುಚಿ, ಗಾಜಿನ ಆಚೆ ನಿಂತ ಅಪ್ಪನ ಬಿಳಿ ಟೋಪಿ, ಎದೆಯ ನಡುವೆ ಮೇಲಿನಿಂದ ಕೆಳಗೆ ಅಂಟಿಸಿದ ಪಟ್ಟಿ. ನನ್ನ ಉಗುರುಗಳು ಗುಲಾಬಿ ಬಣ್ಣಕ್ಕೆ ಬಂದಿದ್ದವು. ಅವು ಬೇರೆ ಯಾರದೋ ಬೆರಳುಗಳೆಂದು ನನಗೆ ಅನಿಸಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಬೆನ್ನು ತಟ್ಟಿ ಮರಾಠಿಯಲ್ಲಿ ಹೇಳಿದರು:

"ಆತಾ ಖೇಳೂ ದ್ಯಾ ತಿಲಾ. ರಡಲೀ ತರೀ ಚಾಲೇಲ್."

ಅವ್ವನಿಗೆ ಮರಾಠಿ ಅಪ್ಪನಷ್ಟೇ ಚೆನ್ನಾಗಿ ಬರುತ್ತಿತ್ತು. ಆದರೂ ಕೇಳಿಸಲಿಲ್ಲವೆಂಬಂತೆ ಅಪ್ಪನ ಮುಖ ನೋಡಿದಳು. ಅಪ್ಪ ಅದನ್ನೇ ಕನ್ನಡದಲ್ಲಿ ಹೇಳಿದ.

"ಇನ್ನ ಆಡಾಕ ಬಿಡ್ರಿ ಅಂದ್ರು. ಅತ್ತರೂ ನಡೀತೈತಿ ಅಂತ."

"ಅವರೇನ, ಹೇಳತಾರ," ಎಂದಳು ಅವ್ವ. "ಮನಿಗಿ ಹೋದಮ್ಯಾಲ ಏನರೆ ಆತಂದ್ರ ಅವರ ಬರತಾರೇನ್ರಿ?"

ಊರಿಗೆ ಬಂದ ಮೇಲೆ ಸುತ್ತಲಿನ ತೋಟದ ಹೆಂಗಸರೆಲ್ಲ ನನ್ನನ್ನು ನೋಡಲು ಬಂದರು. ಅವರು ಕೇಳುವ ಮೊದಲೇ ನಾನು ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಹೊಲಿಗೆಯ ಗೆರೆ ತೋರಿಸುತ್ತಿದ್ದೆ. ಅವರು ಗಲ್ಲಕ್ಕೆ ಕೈ ಹಚ್ಚಿ ನೋಡಿ, ದೃಷ್ಟಿ ತಾಗದಿರಲೆಂದು ಲಟಿಕೆ ಮುರಿದು, ಚಹಾ ಕುಡಿದು ಹೋಗುತ್ತಿದ್ದರು. ಎಲ್ಲರೂ ಹೇಳಿದ್ದು ಒಂದೇ: ಹುಡುಗಿ ಗೆದ್ದು ಬಂದಳು. ಅವ್ವ ಹೌದ್ರಿ ಹೌದ್ರಿ ಎನ್ನುತ್ತಿದ್ದಳು. ಆದರೆ ಮನೆಯ ಕಟ್ಟಳೆಯಲ್ಲಿ ಒಂದೂ ಸಡಿಲವಾಗಲಿಲ್ಲ, ಹೊಸದೊಂದು ಸೇರಿಕೊಂಡಿತು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವ್ವ ನನ್ನ ಹೊರಸಿನ ಹತ್ತಿರ ಬಂದು, ಎದೆಯ ಗೆರೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ವಿಭೂತಿ ಹಚ್ಚಿಕೊಳ್ಳುವಷ್ಟೇ ನೇಮದಿಂದ. ಎಚ್ಚರವಿದ್ದರೂ ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಅಂಗೈ ತಣ್ಣಗಿರುತ್ತಿತ್ತು. ಅದು ಹೋದ ಮೇಲೆಯೇ ನನ್ನ ದಿನ ಸುರುವಾಗುತ್ತಿತ್ತು.

ಊಟಕ್ಕೆ ಉಳಿದವರಿಗೆ ಜೋಳದ ರೊಟ್ಟಿ, ಝುಣಕ, ಕೆಂಪು ಖಾರ; ನನಗೆ ಹಾಲಿನಲ್ಲಿ ಕಿವುಚಿದ ರೊಟ್ಟಿ. ಖಾರ ತಿಂದರೆ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೇ ಕಾರಣ. ಶಾಲೆಗೂ ಅವ್ವ ಬಂದು ಹೇಳಿ ಹೋಗಿದ್ದಳು. ಮಗ್ಗಿ ತಪ್ಪಿದರೆ ಗುರುಗಳು ಉಳಿದವರ ಅಂಗೈಗೆ ಕೋಲಿನಿಂದ ಹೊಡೆಯುತ್ತಿದ್ದರು. ನನಗೆ "ಕುಂದರವಾ" ಎನ್ನುತ್ತಿದ್ದರು. ಹೀಗಾಗಿ ನನಗೆ ಮಗ್ಗಿ ಬರಲೇ ಇಲ್ಲ. ಆಟದಲ್ಲಿ ಎಲ್ಲರ ಪಾಟಿಚೀಲ ಕಾಯುವುದು ನನ್ನ ಕೆಲಸ. ಮನೆಯಲ್ಲಿ ಅಕ್ಕನ ರಿಬ್ಬನ್ ಬೇಕೆಂದು ನೋಡಿದರೆ ಸಾಕು, ಅದು ನನ್ನ ಜಡೆಯಲ್ಲಿರುತ್ತಿತ್ತು. ಹಟ ಮಾಡುವ ಮೊದಲೇ ಎಲ್ಲವೂ ಬರುತ್ತಿದ್ದುದರಿಂದ ಕ್ರಮೇಣ ನಾನು ಬೇಕೆನ್ನುವುದನ್ನೇ ಬಿಟ್ಟೆ. ಬಹಳ ಹೊತ್ತು ಮಡಚಿ ಕುಳಿತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲೋ ಹಿಡಿದಿತ್ತು. ನೋವಿರಲಿಲ್ಲ. ಸುಖವೂ ಇರಲಿಲ್ಲ. ನಮ್ಮ ಎಮ್ಮೆಯ ಕರು ಸತ್ತಾಗ ಅಕ್ಕ ಬಾವಿಯ ಕಡೆ ಓಡಿದಳು; ನಾನು ಕಿಟಕಿಯಿಂದ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದೆ.

ವರ್ಷಕ್ಕೊಮ್ಮೆ ರಾಯಬಾಗದಲ್ಲಿ ರೈಲು ಹತ್ತಿ ಮಿರಜಕ್ಕೆ ತಪಾಸಣೆಗೆ ಹೋಗಬೇಕಿತ್ತು. ಅಲ್ಲಿ ಒಬ್ಬ ಡಾಕ್ಟರ್ ಬಾಯಿ, ಅಂದರೆ ಹೆಣ್ಣು ಡಾಕ್ಟರು, ಇದ್ದರು. ಒಂದು ಸಲ ಅವರು ನನ್ನ ಎದೆ, ಬೆನ್ನು ಎಲ್ಲ ಕೇಳಿ ಮುಗಿಸಿ, ಕೊರಳಿಗೆ ಯಂತ್ರ ಇಳಿಬಿಟ್ಟುಕೊಂಡು ಅವ್ವನ ಕಡೆ ತಿರುಗಿದರು.

"ಓಡಿ ಆಡತಾಳೇನು?"

"ಇಲ್ರಿ ಬಾಯಾರ."

"ಯಾಕ? ಇಕಿ ಎದಿ ಚಲೋ ಐತಿ. ನಿಮ್ಮ ದೊಡ್ಡ ಮಗಳು ಏನ ಮಾಡತಾಳೋ ಅದನ್ನೆಲ್ಲ ಇಕಿ ಮಾಡಬೇಕು."

ಅವ್ವ ತಲೆಯಾಡಿಸಿದಳು. ಡಾಕ್ಟರ್ ಬಾಯಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು.

"ನಿಮಗ ನಿದ್ದಿ ಬರತೈತೇನ್ರಿ?"

"ಬರತೈತ್ರಿ."

ಜೊತೆಗೆ ಬಂದಿದ್ದ ಅಪ್ಪ ಥಟ್ಟನೆ ಅವ್ವನ ಕಡೆ ನೋಡಿ, ಮತ್ತೆ ಕಿಟಕಿಯ ಹೊರಗೆ ನೋಡತೊಡಗಿದ. ಆಮೇಲೆ ಡಾಕ್ಟರ್ ಬಾಯಿ ನನ್ನನ್ನು ಕೇಳಿದರು, ನಿನಗೆ ಯಾವ ಆಟ ಸೇರುತ್ತದೆ ಎಂದು. ನಾನು ಯೋಚಿಸಿದೆ. ಏನೂ ಹೊಳೆಯಲಿಲ್ಲ.

"ಯಾವುದೂ ಇಲ್ರಿ," ಎಂದೆ.

ಮರಳಿ ಬರುವಾಗ ರೈಲಿನಲ್ಲಿ ನಾನು ಅವ್ವನ ತೊಡೆಯ ಮೇಲೆ ತಲೆ ಇಟ್ಟಿದ್ದೆ. ಮಲಗಿದ್ದೇನೆಂದು ತಿಳಿದು ಅಪ್ಪ ಮೆಲ್ಲಗೆ ಹೇಳಿದ:

"ಬಿಡೂಣು ಇನ್ನ. ಆಡಲಿ."

"ನೀವು ಹೊಲದಾಗ ಇರತಿದ್ರಿ," ಎಂದಳು ಅವ್ವ. "ಇಕಿದು ನೀಲಿಗಟ್ಟಿದ ಆ ಮಾರಿ ನಾ ನೋಡೇನಿ. ಕೈಯಾಗ ಹಿಡಕೊಂಡ ಕುಂತಾಕಿ ನಾನು. ಅದು ಕಣ್ಣಾಗಿಂದ ಹೋಗವಲ್ದು. ಏನ ಮಾಡ್ಲಿ ಹೇಳ್ರಿ."

ಈಗಾದರೆ ಅವ್ವನಿಗಿದ್ದ ಬೇನೆಗೆ ಒಂದು ಹೆಸರಿದೆ, ಅದನ್ನು ಕೂತು ಕೇಳುವ ಡಾಕ್ಟರುಗಳೂ ಇದ್ದಾರೆ. ಆಗ ನಮ್ಮ ಕಡೆ ಅದಕ್ಕೆ ಕಾಳಜಿ ಎನ್ನುತ್ತಿದ್ದರು. ಕಸ್ತೂರಿಯಷ್ಟು ಕಾಳಜಿ ಮಾಡುವ ತಾಯಿ ಇಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಸಿಕೊಂಡವಳು ಸೊರಗುತ್ತಿದ್ದಳು.

ನನಗೆ ಹನ್ನೆರಡು ತುಂಬಿದ ಚಳಿಗಾಲದಲ್ಲಿ ಆಯಿ ಹಾಸಿಗೆ ಹಿಡಿದಳು. ಕೆಮ್ಮು, ಜ್ವರ. ಕಬ್ಬು ಕಡಿಯುವ ಸುಗ್ಗಿ. ಗಾಡಿಗಳು ನಮ್ಮ ಮನೆಯ ಮುಂದೆ ಹಾದು ಹೋಗುತ್ತಿದ್ದವು. ಒಂದು ಮುಂಜಾನೆ ಉಗಾರ ಖುರ್ದದಿಂದ ಅವ್ವನ ತಮ್ಮ ಬಂದು, ನಾಲ್ಕು ದಿನ ನಮ್ಮ ಮನೆಗೆ ಬಾ ಎಂದು ನನ್ನನ್ನು ಕರೆದುಕೊಂಡು ಹೋದ. ಮಾಮಾ ಸಕ್ಕರೆ ಕಾರಖಾನೆಯ ನೌಕರ. ಅಲ್ಲಿ ಗಾಳಿಯಲ್ಲೆಲ್ಲ ಬೆಲ್ಲದ ಪಾಕದ ವಾಸನೆ, ಪಾಳಿ ಬದಲಾದಾಗ ಊರಿಗೆಲ್ಲ ಕೇಳುವಂತೆ ಕೂಗುವ ಭೋಂಗಾ. ನಾಲ್ಕು ದಿನ ಎಂದದ್ದು ಬೆಳೆಯುತ್ತ ಹೋಯಿತು. ಮಾಮಿ ಬಾಗಿಲಲ್ಲಿ ನಿಂತು ಪಕ್ಕದವರೊಡನೆ ಮಾತಾಡುತ್ತಿದ್ದವಳು ನಾನು ಹತ್ತಿರ ಹೋದರೆ ಕೆಮ್ಮಿ ಸುಮ್ಮನಾಗುತ್ತಿದ್ದಳು. ಜನ ಮಾತು ನಿಲ್ಲಿಸುವ ರೀತಿಗಳು ನನಗೆ ಚೆನ್ನಾಗಿ ಗೊತ್ತಿದ್ದವು. ಆದರೂ ನಾನು ಕೇಳಲಿಲ್ಲ.

ತಿರುಗಿ ಬಂದಾಗ ಪಡಸಾಲೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಆಯಿ ತಲೆ ಆನಿಸುತ್ತಿದ್ದ ಜಾಗದಲ್ಲಿ ಗೋಡೆಗೆ ಒಂದು ಎಣ್ಣೆಯ ಕಲೆ ಇರುತ್ತಿತ್ತು. ಅದು ಇರಲಿಲ್ಲ.

"ಆಯಿ ಎಲ್ಲಿ?" ಎಂದು ಕೇಳಿದೆ.

"ನಿಪ್ಪಾಣಿಗಿ ಹೋಗ್ಯಾಳ, ನಿಮ್ಮ ಸೋದರತ್ತಿ ಮನಿಗಿ," ಎಂದಳು ಅವ್ವ. "ಅಲ್ಲೆ ದವಾಖಾನಿ ಹತ್ರ ಐತಿ."

"ಯಾವಾಗ ಬರತಾಳ?"

"ಬರತಾಳ ತಗೋ. ಮೊದಲ ಹಾಲ ಕುಡಿ."

ಅಕ್ಕ ಹೊಸ್ತಿಲ ಮೇಲೆ ಕೂತು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದಳು. ಆಮೇಲೆ ಕೆಲವು ದಿನಗಳಿಗೆ ನಿಪ್ಪಾಣಿಯ ಸೋದರತ್ತೆಯೇ ಬಂದಳು, ಒಬ್ಬಳೇ. ನನ್ನನ್ನು ತಬ್ಬಿಕೊಂಡು, ಆಯಿ ಆರಾಮ ಅದಾಳ, ನಿನ್ನ ನೆನಸತಿರತಾಳ ಎಂದಳು. ಅವಳ ಕೈಗಳು ನನ್ನ ಬೆನ್ನಿನ ಮೇಲೆ ಬಿಗಿಯಾಗಿದ್ದವು. ಆಮೇಲೆ ಅಪ್ಪನೊಡನೆ ಕೊಟ್ಟಿಗೆಗೆ ಹೋಗಿ, ಬಹಳ ಹೊತ್ತಿನ ನಂತರ ಮುಖ ತೊಳೆದುಕೊಂಡು ಬಂದಳು. ಅವತ್ತು ನನಗೆ ಖಾತ್ರಿಯಾಯಿತು. ಆದರೆ ಅದನ್ನು ಬಾಯಿಬಿಟ್ಟು ಆಡಿದರೆ ಇವರೆಲ್ಲ ಮತ್ತೆ ನನ್ನ ಸುತ್ತ ಓಡಾಡಬೇಕು, ನೀರು ತರಬೇಕು, ಎದೆ ಮುಟ್ಟಿ ನೋಡಬೇಕು. ಅದಕ್ಕಿಂತ ಸುಮ್ಮನಿರುವುದು ಸುಲಭವೆನಿಸಿತು. ಆಯಿಯ ಮುಖವನ್ನು ನೆನಪಿಗೆ ತಂದುಕೊಂಡು ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿದ್ದಾಗ ನಾನು ಮನೆ ಬಿಟ್ಟು ಕಬ್ಬಿನ ಕಡೆ ನಡೆದೆ. ಅಪ್ಪ ಬದುವಿನ ಮೇಲೆ ಕೂತಿದ್ದ. ಕಬ್ಬಿಗೆ ನೀರು ಬಿಟ್ಟಿದ್ದ. ನೀರು ಮಡಿ ತುಂಬಿ ಹೊರಗೆ ಹರಿಯುತ್ತಿದ್ದರೂ ಅವನಿಗೆ ಅದರ ಕಡೆ ಗಮನವಿರಲಿಲ್ಲ. ಟೋಪಿಯನ್ನು ಮುಖಕ್ಕೆ ಒತ್ತಿಕೊಂಡಿದ್ದ. ಅವನ ಬೆನ್ನು ಅಲುಗುತ್ತಿತ್ತು. ನನ್ನ ಹೆಜ್ಜೆಗೆ ರವದಿ, ಕಬ್ಬಿನ ಒಣ ಎಲೆ, ಸದ್ದು ಮಾಡಿತು. ಅವನು ತಿರುಗಿ ನೋಡಿ, ತಟ್ಟನೆ ಮುಖ ಒರೆಸಿಕೊಂಡು ನಕ್ಕ.

"ಕಬ್ಬಿನ ರವದಿ ಕಣ್ಣಾಗ ಬಿತ್ತವಾ. ಬಿಸಲಾಗ ಯಾಕ ಬಂದಿ? ನಡಿ, ನಿಮ್ಮವ್ವ ಹುಡಕ್ಯಾಳ."

ನನ್ನ ಕೈ ಹಿಡಿದುಕೊಂಡು ಮನೆಯ ತನಕ ಬಂದ. ದಾರಿಯುದ್ದಕ್ಕೂ ಯಾವುದೋ ಹಳೆಯ ನಗೆಮಾತು ಹೇಳುತ್ತಿದ್ದ. ಅವನ ತಾಯಿ ಸತ್ತಿದ್ದಳು. ಅವನು ತನ್ನ ಮನೆಯಲ್ಲಿ ಅಳುವಂತಿರಲಿಲ್ಲ. ಅಳುವುದಕ್ಕೆಂದು ಹೊಲಕ್ಕೆ ಹೋದರೆ ಅಲ್ಲಿಗೂ ನಾನು ಬಂದಿದ್ದೆ. ಇದೆಲ್ಲ ನನಗೆ ಅವತ್ತೇ ತಿಳಿಯಿತು. ತಿಳಿದೂ ಏನೂ ಅನಿಸಲಿಲ್ಲ. ನಗೆಮಾತು ಮುಗಿದಾಗ ಅಪ್ಪನಿಗಾಗಿ ನಕ್ಕೆ.

ಆ ವರ್ಷ ಅಕ್ಕ ಹತ್ತನೆಯ ಇಯತ್ತೆ ಪಾಸಾದಳು. ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಬೇಕೆಂದು ಅವಳ ಆಸೆ. ಅಪ್ಪ ಹೂಂ ಎಂದಿದ್ದ. ಅವ್ವ ಒಪ್ಪಲಿಲ್ಲ. ಒಂದು ಮುಂಜಾನೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಅಕ್ಕ ಪಕ್ಕದಲ್ಲಿ ನಿಂತಿದ್ದಳು. ನಾನು ಹಾಲಿನ ವಾಟಿ ಇಡಲು ಅಡುಗೆಮನೆಯ ಬಾಗಿಲಿಗೆ ಬಂದೆ.

"ನೀ ಹ್ವಾದ್ರ ನಂದಾನ ಜೋಡಿ ಸಾಲಿಗಿ ಹೋಗವರ ಯಾರು?" ಎನ್ನುತ್ತಿದ್ದಳು ಅವ್ವ. "ದಾರ್‍ಯಾಗ ಏನರೆ ಆತಂದ್ರ?"

"ಏನೂ ಆಗೂದಿಲ್ಲ ಬೇ ಇಕಿಗಿ. ಡಾಕ್ಟರ್ ಬಾಯಿ ನಿನ್ನ ಮುಂದನ ಹೇಳ್ಯಾಳಂತ. ಅಪ್ಪ ಅಂದ."

ಅವ್ವ ನನ್ನನ್ನು ಕಂಡಳು. "ಸುಮ್ನಾಗು ಶೋಭಾ. ಹೊರಗ ನಡಿ, ಅಲ್ಲೆ ಮಾತಾಡೂಣು."

"ಹೊರಗ ಬರೂದಿಲ್ಲ," ಎಂದಳು ಅಕ್ಕ. ಅವಳ ದನಿ ಏರಲಿಲ್ಲ. "ತಿಳವಳಿಕಿ ಬಂದಾಗಿಂದ ಹೊರಗ ಹೋಗೀನ ಮಾತಾಡೇನಿ. ಇವತ್ತ ಇಲ್ಲೇ ಮಾತಾಡಾಕಿ." ಆಮೇಲೆ ನನ್ನ ಕಡೆ ತಿರುಗಿದಳು. "ನಂದಾ, ಆಯಿ ನಿಪ್ಪಾಣಿಗಿ ಹೋಗಿಲ್ಲ. ಸತ್ತಾಳ. ನೀ ಉಗಾರದಾಗ ಇದ್ದಾಗ ಸತ್ಲು. ನಾವು ಮಣ್ಣ ಕೊಟ್ಟ ಬಂದೇವಿ."

ಅವ್ವ ಎದ್ದವಳೇ ಹಿಟ್ಟಿನ ಕೈಯಿಂದ ಅಕ್ಕನ ಕೆನ್ನೆಗೆ ಬಾರಿಸಿದಳು. ಅದೇ ಕೈಯನ್ನು ತಂದು ನನ್ನ ಎದೆಗೆ ಒತ್ತಿದಳು.

"ಕುಂದರ ಯವ್ವಾ, ಕುಂದರ. ಉಸರ ತಗೋ. ಅಕಿ ಮಾತ ಖರೇ ಅಲ್ಲ."

"ನನಗ ಗೊತ್ತೈತಿ ಬೇ," ಎಂದೆ.

"ಏನ ಗೊತ್ತೈತಿ?"

"ಆಯಿ ಸತ್ತದ್ದು. ಸೋದರತ್ತಿ ಬಂದ ಹೋದಾಗಿಂದ ಗೊತ್ತೈತಿ."

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಏಳುತ್ತಿತ್ತು. ಯಾರೂ ತೆಗೆಯಲಿಲ್ಲ. ಅವ್ವ ಅಂಗೈ ಒತ್ತಿ ಹಿಡಿದು ನಿಂತೇ ಇದ್ದಳು, ನನ್ನ ತುಟಿ ನೋಡುತ್ತ. ಅವಳ ಕೈಯ ಕೆಳಗೆ ನನ್ನ ಎದೆ ಎಂದಿನಂತೆ ಬಡಿಯುತ್ತಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳು ಕಾದಳು. ಏನೂ ಆಗಲಿಲ್ಲ. ಮೆಲ್ಲಗೆ ಕೈ ತೆಗೆದಳು. ನನ್ನ ಅಂಗಿಯ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಉಳಿದಿತ್ತು. ಅದನ್ನು ನೋಡುತ್ತ ನೋಡುತ್ತ ಅವ್ವ ನೆಲಕ್ಕೆ ಕುಸಿದು ಕೂತಳು, ಸೆರಗನ್ನು ಬಾಯಿಗೆ ಹಚ್ಚಿ ತಡೆದುಕೊಂಡಳು, ಆಮೇಲೆ ತಡೆಯಲಾಗದೆ ಬಿಟ್ಟಳು.

"ಎಲ್ಲಿ ಹ್ವಾದಿ ನನ್ನತ್ತೀ... ಕೈ ಹಿಡದ ಒಳಗ ತಂದಾಕಿ ಎಲ್ಲಿ ಹ್ವಾದಿ... ನಿನ್ನ ಹೆಸರ ಹಿಡದ ಅಳಾಕ ಬಾಯಿಲ್ಲದಾಂಗ ಆತಲ್ಲ ನನ್ನತ್ತೀ..."

ಸತ್ತವರ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದನ್ನು ನಾನು ದೂರದಿಂದ ಕೇಳಿದ್ದೆ. ನಾನಿರುವಾಗ ನಮ್ಮ ಮನೆಯಲ್ಲಿ ಆ ದನಿ ಎದ್ದದ್ದು ಅವತ್ತೇ ಮೊದಲು. ಅದು ಕಬ್ಬನ್ನು ದಾಟಿ ಪಕ್ಕದ ತೋಟಗಳಿಗೆ ಮುಟ್ಟಿತು. ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದರು. ನನಗೇನೋ ಆಯಿತೆಂದೇ ಅವರೆಲ್ಲ ಬಂದದ್ದು. ಅಂಗಳಕ್ಕೆ ಕಾಲಿಟ್ಟ ಮೊದಲನೆಯವಳು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ನಿಂತುಬಿಟ್ಟಳು. ಹಿಂದಿನಿಂದ ಅಪ್ಪ ಬಂದ, ಸಲಿಕೆ ಕೈಯಲ್ಲಿತ್ತು, ಮೊಣಕಾಲ ತನಕ ಕೆಸರು. ನನ್ನನ್ನು ನೋಡಿದ, ಅಕ್ಕನನ್ನು ನೋಡಿದ.

"ಯಾರಿಗಿ ಏನಾತು?"

ಅವ್ವ ಒಳಗಿನಿಂದ ಹೊರಗೆ ಬಂದು ಕಂಬ ಹಿಡಿದುಕೊಂಡಳು.

"ಅತ್ತಿ ಹೋದ್ರು," ಎಂದಳು.

ಆಯಿ ಸತ್ತು ಸುಗ್ಗಿ ಮುಗಿದು, ಹೊಸ ಕಬ್ಬು ಮೊಣಕಾಲೆತ್ತರ ಬೆಳೆದಿತ್ತು. ಆದರೆ ಯಾರೂ ಅದು ಹಳೆಯ ಸುದ್ದಿ ಎನ್ನಲಿಲ್ಲ. ಅಪ್ಪ ಸಲಿಕೆಯನ್ನು ಗೋಡೆಗೆ ಆನಿಸಿ, ಟೋಪಿ ತೆಗೆದು, ಅಂಗಳದ ನಡುವೆ ಕೂತು ಎಲ್ಲರೆದುರು ಅತ್ತ. ಹೆಂಗಸರು ಅವ್ವನ ಸುತ್ತ ಕೂತು ಅವಳ ದನಿಗೆ ದನಿ ಸೇರಿಸಿದರು. ಅಕ್ಕ ಬಾವಿಯ ಕಡೆ ಹೋಗಲಿಲ್ಲ. ಅಲ್ಲೇ ಅವ್ವನ ಬೆನ್ನಿಗೆ ಮುಖ ಹಚ್ಚಿದಳು. ನಾನು ಹಂಚಿನ ಮೇಲಿನ ಕರಕು ರೊಟ್ಟಿ ತೆಗೆದು, ಕೊಡ ಬಗ್ಗಿಸಿ, ಒಬ್ಬೊಬ್ಬರಿಗೂ ಕುಡಿಯಲು ನೀರು ಕೊಡುತ್ತ ಬಂದೆ. ಯಾರೋ ಮುದುಕಿ, ಆ ಕೂಸನ್ನು ಒಳಗೆ ಕರೆದುಕೊಂಡು ಹೋಗಿರಿ, ಅದರ ಎದಿ ತಡೆಯೂದಿಲ್ಲ ಎಂದಳು. ಅವ್ವ ಅಳುವನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಇರಲಿ ಬಿಡ್ರಿ," ಎಂದಳು. "ಅಕಿಗೂ ಆಯಿ ಅಲ್ಲೇನ್ರಿ?"

ನಾನು ಅವತ್ತು ಅಳಲಿಲ್ಲ. ಅದರ ಮರುದಿನವೂ ಇಲ್ಲ. ಅವ್ವನಿಗೆ ಒಂದೇ ದಿನದಲ್ಲಿ ಎಲ್ಲ ಗುಣವಾಗಲಿಲ್ಲ. ಬೆಳಿಗ್ಗೆ ಕೈ ಇಡುವುದನ್ನು ಮುಂದುವರಿಸಿದಳು, ಕೆಲವು ದಿನ ಮರೆಯುತ್ತಿದ್ದಳು, ನೆನಪಾದಾಗ ಹಿಟ್ಟು ನಾದುವುದನ್ನು ಬಿಟ್ಟು ಬರುತ್ತಿದ್ದಳು. ಮಳೆಗಾಲಕ್ಕೆ ಅಕ್ಕ ಟ್ರಂಕು ತೆಗೆದುಕೊಂಡು ಚಿಕ್ಕೋಡಿಗೆ ಹೋದಳು. ನಾನು ಒಬ್ಬಳೇ ಶಾಲೆಗೆ ನಡೆಯತೊಡಗಿದೆ. ಮೊದಮೊದಲು ಅಪ್ಪ ದೂರದಿಂದ, ಏನೋ ಕೆಲಸವಿದ್ದವನಂತೆ ಹಿಂದೆ ಬರುತ್ತಿದ್ದ. ಆಮೇಲೆ ಅದೂ ನಿಂತಿತು.

ಅಕ್ಕ ಹೋದ ನಂತರದ ಒಂದು ಮುಂಜಾನೆ ಅವ್ವ ನನ್ನ ತಲೆ ಬಾಚುತ್ತಿದ್ದಳು. ಸಿಕ್ಕಿನಲ್ಲಿ ಹಣಿಗೆ ಸಿಕ್ಕಿಕೊಂಡು ಕೂದಲು ಜಗ್ಗಿತು. ಯಾಕೋ ಗೊತ್ತಿಲ್ಲ, ನನ್ನ ಮೈಯೆಲ್ಲ ಬಿಸಿಯಾಯಿತು. ಅವಳ ಕೈಯಿಂದ ಹಣಿಗೆ ಕಸಿದು ಅಂಗಳಕ್ಕೆ ಎಸೆದೆ. ಅದು ಕಲ್ಲಿಗೆ ಬಡಿದು ಎರಡು ತುಂಡಾಯಿತು. ನಾನು ಹೆದರಿ ಅವ್ವನ ಮುಖ ನೋಡಿದೆ. ಅವಳ ಕೈ ನನ್ನ ಎದೆಯ ಕಡೆ ಬರಬಹುದೆಂದುಕೊಂಡಿದ್ದೆ. ಅವಳು ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು.

"ಸೊಕ್ಕ ಬಂದೈತೇನ ಬೇ ನಿನಗ? ಹಣಗಿ ಒಗೀತಿ? ನಿಮ್ಮಪ್ಪ ಗಿಡದಾಗಿಂದ ಹರಕೊಂಡ ಬರತಾನೇನ ಇವನ್ನೆಲ್ಲ? ಇಷ್ಟು ದೊಡ್ಡಾಕಿ ಆಗೀದಿ, ಒಂದ ಜಡಿ ಹಾಕ್ಕೊಳ್ಳಾಕ ಬರೂದಿಲ್ಲ, ಸಿಟ್ಟ ಮಾತ್ರ ಮೂಗಿನ ತುದಿಗಿ."

ಅವ್ವ ನನ್ನನ್ನು ಬೈದದ್ದು ಅದೇ ಮೊದಲು, ಅದೂ ಪಡಸಾಲೆಯಲ್ಲಿ. ಶಾಲೆಗೆ ಹೊತ್ತಾಗುತ್ತಿತ್ತು. ಅರ್ಧ ಬಾಚಿದ ತಲೆಯಲ್ಲಿ, ಅವಳ ಮಾತು ಮುಗಿಯುವ ತನಕ, ನಾನು ಕದಲದೆ ನಿಂತು ಕೇಳಿದೆ.